ನಿಮ್ಮ ರೆಪ್ಪೆಗೂದಲಿಗೆ ಒಗ್ಗುವ ಮಸ್ಕರಾ ಯಾವುದು?

ಕಾಸರಗೋಡು ಪೇಟೆಯಲ್ಲಾಗಲಿ, ಕುಂಬಳೆ, ಉಪ್ಪಳ, ಬದಿಯಡ್ಕದಲ್ಲಾಗಲಿ, ಫ್ಯಾನ್ಸಿ ಅಂಗಡಿಗೆ ಹೋಗಿ ಮಸ್ಕರಾ ಕೇಳಿದರೆ ನಿಮ್ಮ ಮುಂದೆ ಹಲವು ಬಗೆ ಬರುತ್ತವೆ. ಒಂದರ ಮೇಲೆ ವಾಲ್ಯೂಮ್ ಎಂದು ಬರೆದಿದೆ. ಒಂದರ ಮೇಲೆ ಕರ್ಲ್. ಮತ್ತೊಂದರ ಮೇಲೆ ಲೆಂಗ್ತ್. ಬಣ್ಣ ಮಾತ್ರ ಎಲ್ಲದರದೂ ಕಪ್ಪೇ. ಕೊನೆಗೆ ಹೆಚ್ಚಿನವರು ಜಾಹೀರಾತಿನಲ್ಲಿ ಕಂಡದ್ದನ್ನು ಕೊಳ್ಳುತ್ತಾರೆ, ಇಲ್ಲವೇ ಗೆಳತಿ ಹಚ್ಚುವುದನ್ನೇ ಕೊಳ್ಳುತ್ತಾರೆ. ಗೆಳತಿಯ ರೆಪ್ಪೆಗೂದಲು ಬೇರೆ, ನಿಮ್ಮದು ಬೇರೆ. ಆಕೆಯ ಕಣ್ಣಲ್ಲಿ ಸಂಜೆಯವರೆಗೆ ಚೆನ್ನಾಗಿ ನಿಂತದ್ದು ನಿಮ್ಮ ಕಣ್ಣಡಿಗೆ ಮಧ್ಯಾಹ್ನವೇ ಕಪ್ಪಾಗಿ ಇಳಿಯಬಹುದು.

ಹಾಗಾಗಿ ಬ್ರ್ಯಾಂಡಿನ ಹೆಸರಿನಿಂದ ಶುರು ಮಾಡುವುದು ಬೇಡ. ಮೊದಲು ನಿಮ್ಮ ರೆಪ್ಪೆಗೂದಲು ಎಂಥದ್ದು ಎಂದು ತಿಳಿಯೋಣ. ಆಮೇಲೆ ನಿಮ್ಮ ಕಣ್ಣಿನ ಸುತ್ತ ಎಣ್ಣೆಯಂಶ ಎಷ್ಟು ಎಂದು ನೋಡೋಣ. ಅದನ್ನು ಹಚ್ಚಿಕೊಂಡು ನೀವು ಎಲ್ಲಿಗೆ ಹೋಗುತ್ತೀರಿ ಎಂಬುದು ಕೊನೆಗೆ. ನಮ್ಮೂರಿನ ಸೆಕೆ, ಬೆವರು, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಇವುಗಳ ನಡುವೆ ಎಣ್ಣೆಯ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ. ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಟ್ಯೂಬಿನೊಳಗೆ ಏನಿದೆ?

ಕಾಡಿಗೆ ಹಚ್ಚುವುದು ರೆಪ್ಪೆಯ ಅಂಚಿಗೆ. ಮಸ್ಕರಾ ಹಚ್ಚುವುದು ಆ ಅಂಚಿನಿಂದ ಹೊರಟ ಕೂದಲಿಗೆ. ಅದು ಚಿಕ್ಕ ಟ್ಯೂಬಿನಲ್ಲಿರುವ ಮಂದವಾದ ದ್ರವ. ಮುಚ್ಚಳಕ್ಕೇ ಬ್ರಷ್ ಜೋಡಿಸಿರುತ್ತದೆ. ಟ್ಯೂಬಿನ ಬಾಯಲ್ಲಿ ಬಿಗಿಯಾದ ಸಣ್ಣ ಉಂಗುರವಿದೆ. ಬ್ರಷ್ ಹೊರಗೆ ಬರುವಾಗ ಹೆಚ್ಚಾದ ಮಸ್ಕರಾವನ್ನು ಅದು ಒರೆಸಿ ಒಳಗೇ ಉಳಿಸಿಕೊಳ್ಳುತ್ತದೆ.

ಕಪ್ಪು ಬಣ್ಣ ಬರುವುದು ಐರನ್ ಆಕ್ಸೈಡ್ ಎಂಬ ಕಬ್ಬಿಣದ ಸಂಯುಕ್ತದಿಂದ. ಕೆಲವದರಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ನುಣುಪಾದ ಮಸಿಯೂ ಇರುತ್ತದೆ. ಕೂದಲನ್ನು ದಪ್ಪ ಕಾಣಿಸುವುದು ಮೇಣ. ಜೇನುಮೇಣ, ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಮೇಣ, ಪ್ಯಾರಾಫಿನ್ ಇವು ಸಾಮಾನ್ಯ. ಇವೆಲ್ಲವನ್ನೂ ಕೂದಲಿಗೆ ಹಿಡಿದಿಡಲು ಪಾಲಿಮರ್ ಬೇಕು. ಒಣಗಿದಾಗ ತೆಳುವಾದ ಪದರವಾಗಿ ಕೂರುವ ವಸ್ತು ಅದು. ಕೆಡದಿರಲು ಪ್ರಿಸರ್ವೇಟಿವ್ ಎಂಬ ಸಂರಕ್ಷಕ ಸೇರಿಸುತ್ತಾರೆ. ಉಳಿದ ಭಾಗ ನೀರು, ಇಲ್ಲವೇ ಬೇಗ ಆವಿಯಾಗುವ ದ್ರಾವಕ. ನೀರೋ ದ್ರಾವಕವೋ ಎಂಬ ಈ ಒಂದು ವ್ಯತ್ಯಾಸದಿಂದಲೇ ಮಸ್ಕರಾದ ಗುಣ ಪೂರ್ತಿ ಬದಲಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಈಗಿನ ವ್ಯಾಪಾರದ ಮಸ್ಕರಾಕ್ಕೆ ನೂರು ವರ್ಷ ದಾಟಿದೆ. 1915ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಟಿ.ಎಲ್. ವಿಲಿಯಮ್ಸ್ ಎಂಬ ಯುವಕ ಅಕ್ಕ ಮೇಬೆಲ್ ಮಾಡಿಕೊಳ್ಳುತ್ತಿದ್ದ ಕಣ್ಣಿನ ಅಲಂಕಾರವನ್ನು ನೋಡಿ ಈ ವ್ಯಾಪಾರಕ್ಕೆ ಇಳಿದರು. ಮೇಬೆಲಿನ್ ಎಂಬ ಹೆಸರು ಬಂದದ್ದು ಹಾಗೆ. ಆರಂಭದ ದಶಕಗಳಲ್ಲಿ ಮಸ್ಕರಾ ಹೆಚ್ಚಾಗಿ ಬಿಲ್ಲೆಯ ರೂಪದಲ್ಲಿತ್ತು. ಬ್ರಷ್ ಒದ್ದೆ ಮಾಡಿ ಉಜ್ಜಿ ಹಚ್ಚಬೇಕಿತ್ತು. ಬ್ರಷ್ ಸಹಿತವಾದ ಟ್ಯೂಬು ಜನಪ್ರಿಯವಾದದ್ದು 1950ರ ದಶಕದ ಕೊನೆಯಿಂದ ಈಚೆಗೆ.

ಮನೆಯ ಕಾಡಿಗೆಯನ್ನೇ ಹಳೆ ಬ್ರಷ್ಷಿಗೆ ತಾಗಿಸಿ ಎವೆಗೆ ಹಚ್ಚಿದರಾಗದೇ ಎಂದು ಕೇಳುವವರಿದ್ದಾರೆ. ಹಚ್ಚಬಹುದು, ಆದರೆ ನಿಲ್ಲುವುದಿಲ್ಲ. ಮನೆಯ ಕಾಡಿಗೆ ಅಂದರೆ ದೀಪದ ಮಸಿಯನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿದ್ದು. ಅದು ಒಣಗುವುದೇ ಇಲ್ಲ. ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನ ಚರ್ಮಕ್ಕೆ ಅಂಟುತ್ತದೆ.

ಇನ್ನೊಂದು ಪ್ರಶ್ನೆಗೆ ಮಾತ್ರ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ರೆಪ್ಪೆಗೂದಲು ನರೆತಿದೆ, ತಲೆಗೆ ಹಚ್ಚುವ ಡೈಯನ್ನೇ ಒಂದಿಷ್ಟು ತಾಗಿಸಲೇ ಎಂಬುದು ಆ ಪ್ರಶ್ನೆ. ದಯವಿಟ್ಟು ತಾಗಿಸಬೇಡಿ. ಹೇರ್ ಡೈ ಪೊಟ್ಟಣದ ಮೇಲೆಯೇ ಎಚ್ಚರಿಕೆ ಇರುತ್ತದೆ, ಇದನ್ನು ಹುಬ್ಬಿಗೆ, ರೆಪ್ಪೆಗೆ ಬಳಸಿದರೆ ಕುರುಡಾಗಬಹುದು ಎಂದು. ಅದು ಹೆಸರಿಗೆ ಅಚ್ಚು ಹಾಕಿದ ಮಾತಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಬಣ್ಣ ಮಾರಾಟಕ್ಕಿತ್ತು. ಇಂದಿನ ಎಷ್ಟೋ ಹೇರ್ ಡೈಗಳಲ್ಲಿ ಇರುವಂಥ ರಾಸಾಯನಿಕವೇ ಅದರಲ್ಲೂ ಇತ್ತು. ಹಚ್ಚಿಕೊಂಡ ಹೆಂಗಸರ ಕಣ್ಣಿಗೆ ತೀವ್ರ ಹಾನಿಯಾಯಿತು, ದೃಷ್ಟಿ ಕಳೆದುಕೊಂಡವರೂ ಇದ್ದರು. ಅಲ್ಲಿ 1938ರಲ್ಲಿ ಪ್ರಸಾಧನಗಳನ್ನೂ ಕಾನೂನಿನ ಹಿಡಿತಕ್ಕೆ ತರಲು ಆ ಪ್ರಕರಣಗಳು ಒಂದು ಕಾರಣ. ನರೆತ ರೆಪ್ಪೆಗೆ ಮಸ್ಕರಾ ಸಾಕು. ಅಚ್ಚ ಕಪ್ಪಿಗಿಂತ ಕಪ್ಪುಮಿಶ್ರಿತ ಕಂದು ಆಗ ಹೆಚ್ಚು ಸಹಜವಾಗಿ ಕಾಣುತ್ತದೆ.

ಕನ್ನಡಿ ಹಿಡಿದು ನೋಡಿಕೊಳ್ಳಿ

ಮೇಲಿನ ರೆಪ್ಪೆಯಲ್ಲಿ ಸಾಮಾನ್ಯವಾಗಿ ನೂರರ ಆಸುಪಾಸಿನಿಂದ 150ರವರೆಗೆ ಕೂದಲಿರುತ್ತವೆ. ಉದ್ದ 8ರಿಂದ 12 ಮಿಲಿಮೀಟರ್. ಕೆಳಗಿನದರಲ್ಲಿ ಕೂದಲು ಕಡಿಮೆ, ಉದ್ದವೂ ಕಡಿಮೆ. ಒಂದೊಂದು ಕೂದಲೂ ಕೆಲವು ತಿಂಗಳು ಬದುಕಿ ಉದುರುತ್ತದೆ, ಅಲ್ಲಿ ಹೊಸದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ ಒಂದೆರಡು ಉದುರಿದರೆ ಗಾಬರಿ ಬೇಡ.

ಬೆಳಗಿನ ಹೊತ್ತು, ಏನೂ ಹಚ್ಚದ ಕಣ್ಣಿನಲ್ಲಿ, ಕಿಟಕಿಯ ಬಳಿ ನಿಂತು ನೋಡಿ. ಕನ್ನಡಿಯನ್ನು ಗಲ್ಲದ ಕೆಳಗೆ ಹಿಡಿದು ಕೆಳಗೆ ನೋಡಿದರೆ ಕೂದಲು ದಟ್ಟವೋ ವಿರಳವೋ ಎಂದು ಗೊತ್ತಾಗುತ್ತದೆ. ಆಮೇಲೆ ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಕೂದಲು ಮೇಲಕ್ಕೆ ಬಾಗಿದೆಯೇ, ನೇರ ಮುಂದಕ್ಕೆ ಚಾಚಿದೆಯೇ, ಕೆಳಕ್ಕೆ ಇಳಿದಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಎದುರಿನಿಂದ ನೋಡಿದಾಗ ಗಿಡ್ಡ ಅನಿಸುವ ಎಷ್ಟೋ ರೆಪ್ಪೆಗಳು ನಿಜಕ್ಕೂ ಗಿಡ್ಡವಲ್ಲ. ನೇರ ಇರುವುದರಿಂದ ಅವುಗಳ ಉದ್ದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ನಮ್ಮ ಕಡೆಯ ಹೆಂಗಸರಲ್ಲಿ ಇಂಥ ರೆಪ್ಪೆ ಬಹಳ. ಕೂದಲು ಮೊದಲೇ ಕಪ್ಪಗಿರುತ್ತದೆ, ಸಾಕಷ್ಟು ದಟ್ಟವೂ ಇರುತ್ತದೆ, ಬಾಗು ಮಾತ್ರ ಇರುವುದಿಲ್ಲ. ಅಂಥವರು ಕಪ್ಪು ಹೆಚ್ಚು ಕೊಡುವ, ದಪ್ಪ ಹೆಚ್ಚು ಮಾಡುವ ಮಸ್ಕರಾಕ್ಕೆ ದುಡ್ಡು ಹಾಕಿದರೆ ಕೂದಲು ಇನ್ನಷ್ಟು ಭಾರವಾಗಿ ಕೆಳಗೆ ಬರುತ್ತದೆ.

ಎಣ್ಣೆಯಂಶ ತಿಳಿಯಲು ನೀವು ದಿನಾ ಹಚ್ಚುವ ಕಾಡಿಗೆಯೇ ಸಾಕು. ಬೆಳಗ್ಗೆ ಹಚ್ಚಿದ ಕಾಡಿಗೆ ಎರಡು ಮೂರು ಗಂಟೆಯೊಳಗೆ ಕಣ್ಣಡಿಯಲ್ಲಿ ಹರಡಿದರೆ ನಿಮ್ಮ ರೆಪ್ಪೆಯ ಚರ್ಮದಲ್ಲಿ ಎಣ್ಣೆ ಹೆಚ್ಚು. ಸಂಜೆಯವರೆಗೂ ಹಾಗೇ ಇದ್ದರೆ ಕಡಿಮೆ.

ನೀರು ಬೇರೆ, ಎಣ್ಣೆ ಬೇರೆ

ಮಸ್ಕರಾ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ವಾಷಬಲ್, ಅಂದರೆ ಸುಲಭವಾಗಿ ತೊಳೆದುಹೋಗುವಂಥದ್ದು. ಇದರಲ್ಲಿ ನೀರಿನ ಅಂಶ ಹೆಚ್ಚು. ಹಚ್ಚಲು ಮೃದು, ತೆಗೆಯಲು ಸುಲಭ. ಆದರೆ ಬೆವರು, ಮಳೆ, ಕಣ್ಣೀರು ಯಾವುದಕ್ಕೂ ಹೆಚ್ಚು ಹೊತ್ತು ತಡೆಯುವುದಿಲ್ಲ.

ಎರಡನೆಯದು ವಾಟರ್‌ಪ್ರೂಫ್, ನೀರು ತಾಗಿದರೂ ಕರಗದ್ದು. ಇದರಲ್ಲಿ ನೀರಿನ ಬದಲು ಐಸೋಡೋಡೆಕೇನ್‌ನಂಥ ದ್ರಾವಕ ಇರುತ್ತದೆ. ಹಚ್ಚಿದ ಕೂಡಲೇ ಅದು ಆವಿಯಾಗುತ್ತದೆ. ಮೇಣ ಮತ್ತು ಪಾಲಿಮರ್ ಕೂದಲ ಮೇಲೆ ಗಟ್ಟಿಯಾಗಿ ಕೂರುತ್ತವೆ.

ಮೂರನೆಯದು ಟ್ಯೂಬಿಂಗ್ ಮಸ್ಕರಾ. ಇದು ಒಣಗಿದಾಗ ಪ್ರತಿ ಕೂದಲಿನ ಸುತ್ತ ಪಾಲಿಮರಿನ ಒಂದು ತೆಳು ಕೊಳವೆಯಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆಲ್ಲನೆ ಎಳೆದರೆ ಕೊಳವೆ ಕೊಳವೆಯಾಗಿಯೇ ಕಳಚಿ ಬರುತ್ತದೆ. ಮೊದಲ ಸಲ ಬಳಸಿದವರು ಕೈಯಲ್ಲಿ ಸಣ್ಣ ಕಪ್ಪು ಎಳೆಗಳನ್ನು ಕಂಡು ರೆಪ್ಪೆಯೇ ಉದುರಿತೆಂದು ಹೆದರುವುದುಂಟು. ಅದು ಕೂದಲಲ್ಲ, ಮಸ್ಕರಾದ ಹೊದಿಕೆ.

ಈಗ ಒಂದು ಸಂದೇಹ ಬರುತ್ತದೆ. ವಾಟರ್‌ಪ್ರೂಫ್ ಹಚ್ಚಿದರೂ ಕಣ್ಣಡಿ ಕಪ್ಪಾಗುವುದು ಏಕೆ? ಅಂಗಡಿಯವರು ಮೋಸ ಮಾಡಿದರೇ? ಬಹುಪಾಲು ಸಂದರ್ಭದಲ್ಲಿ ಇಲ್ಲ. ವಾಟರ್‌ಪ್ರೂಫ್ ತಡೆಯುವುದು ನೀರನ್ನು. ಮೇಣ ನೀರಿನಲ್ಲಿ ಕರಗುವುದಿಲ್ಲ, ಆದರೆ ಎಣ್ಣೆಗೆ ಮೆದುವಾಗುತ್ತದೆ. ನಿಮ್ಮ ಚರ್ಮ ದಿನವಿಡೀ ಎಣ್ಣೆ ಬಿಡುತ್ತದೆ, ಸೆಕೆಯ ದಿನ ಅದು ಮುಖದ ಮೇಲೆ ಇನ್ನೂ ಸುಲಭವಾಗಿ ಹರಡುತ್ತದೆ. ಕಣ್ಣಡಿಗೆ ಸನ್‌ಸ್ಕ್ರೀನ್, ಕ್ರೀಮು ಹಚ್ಚಿದ್ದರೆ ಅದೂ ಸೇರಿತು. ಆ ಎಣ್ಣೆ ಎವೆಯ ತುದಿ ಮುಟ್ಟಿದರೆ ಮಸ್ಕರಾ ಕರಗಿ ಚರ್ಮಕ್ಕೆ ಅಚ್ಚಾಗುತ್ತದೆ. ಟ್ಯೂಬಿಂಗ್ ಬಗೆಯದ್ದು ಎಣ್ಣೆಗೆ ಜಗ್ಗುವುದಿಲ್ಲ. ಹಾಗಾಗಿ ಕಾಡಿಗೆ ಹರಡುವ ಕಣ್ಣಿನವರು ವಾಟರ್‌ಪ್ರೂಫ್‌ನ ಹಿಂದೆ ಬೀಳುವುದಕ್ಕಿಂತ ಟ್ಯೂಬಿಂಗ್ ಹುಡುಕುವುದು ಒಳ್ಳೆಯದು. ಕಣ್ಣೀರಿನಿಂದ, ಮಳೆಯಿಂದ ಮಾತ್ರ ತೊಂದರೆ ಪಡುವವರಿಗೆ ವಾಟರ್‌ಪ್ರೂಫ್ ಸರಿ.

ಬಾಗಿನ ವಿಷಯಕ್ಕೂ ನೀರಿಗೂ ಸಂಬಂಧವಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳ ನಡುವೆ ಹೈಡ್ರೋಜನ್ ಬಂಧ ಎಂಬ ಸಡಿಲ ಕೊಂಡಿಗಳಿವೆ. ಕೂದಲು ಒದ್ದೆಯಾದರೆ ಅವು ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಕರ್ಲರ್ ಎಂಬ ಇಕ್ಕಳದಲ್ಲಿ ಬಾಗಿಸಿದ ನೇರ ರೆಪ್ಪೆಗೆ ನೀರಿನ ಅಂಶದ ಮಸ್ಕರಾ ಹಚ್ಚಿದರೆ ಕೂದಲು ಒದ್ದೆಯಾಗಿ, ಬಾಗು ಬಿಚ್ಚಿ, ಮತ್ತೆ ನೇರವಾಗುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯೂ ಅದನ್ನೇ ಮಾಡುತ್ತದೆ. ವಾಟರ್‌ಪ್ರೂಫ್‌ನಲ್ಲಿ ನೀರಿಲ್ಲ, ಮೇಣ ಬೇಗ ಗಟ್ಟಿಯಾಗುತ್ತದೆ, ಬಾಗು ಹಾಗೇ ನಿಲ್ಲುತ್ತದೆ. ನೇರ ರೆಪ್ಪೆಯವರಿಗೆ ವಾಟರ್‌ಪ್ರೂಫ್ ಹೇಳುವುದು ಮಳೆಗಾಗಿ ಅಲ್ಲ, ಈ ಬಾಗಿಗಾಗಿ.

ಯಾರಿಗೆ ಯಾವುದು?

ನೇರ ರೆಪ್ಪೆಯವರ ಬಗ್ಗೆ ಹೇಳಿಯಾಯಿತು. ಮೊದಲು ಕರ್ಲರ್, ಆಮೇಲೆ ಕರ್ಲ್ ಎಂದು ಬರೆದ ವಾಟರ್‌ಪ್ರೂಫ್, ಅದೂ ತೆಳುವಾಗಿ. ಬ್ರಷ್ ಸ್ವಲ್ಪ ಬಾಗಿರಲಿ. ನೇರ ರೆಪ್ಪೆಯ ಜೊತೆ ಎಣ್ಣೆ ಚರ್ಮವೂ ಇದ್ದರೆ ಸ್ವಲ್ಪ ಕಷ್ಟ. ಅಂಥವರು ಮೊದಲು ವಾಟರ್‌ಪ್ರೂಫ್‌ನ ತೆಳು ಲೇಪ ಹಚ್ಚಿ, ಒಣಗಿದ ಮೇಲೆ ಟ್ಯೂಬಿಂಗ್‌ನ ಒಂದು ಲೇಪ ಕೊಡಬಹುದು. ಖರ್ಚು ಎರಡರದ್ದು, ಹಾಗಾಗಿ ಮದುವೆಮನೆಯಂಥ ದಿನಕ್ಕೆ ಇಟ್ಟುಕೊಳ್ಳಿ.

ವಿರಳ ರೆಪ್ಪೆಯವರು ಹೆಚ್ಚಾಗಿ ವಾಲ್ಯೂಮ್ ಎಂದು ಬರೆದ, ದಪ್ಪ ಬ್ರಷ್ಷಿನ ಮಸ್ಕರಾ ಕೊಳ್ಳುತ್ತಾರೆ. ಮೂರು ಲೇಪ ಹಚ್ಚುತ್ತಾರೆ. ಆಗ ಇರುವ ಕೂದಲುಗಳು ಒಂದಕ್ಕೊಂದು ಅಂಟಿ ನಾಲ್ಕೈದು ದಪ್ಪ ಕಡ್ಡಿಗಳಾಗುತ್ತವೆ. ನಡುವಿನ ಖಾಲಿ ಜಾಗ ಮೊದಲಿಗಿಂತ ಹೆಚ್ಚು ಕಾಣುತ್ತದೆ. ಇವರಿಗೆ ಬೇಕಾದದ್ದು ಒತ್ತಾದ ಸಣ್ಣ ಹಲ್ಲುಗಳ, ತೆಳ್ಳನೆಯ ಬ್ರಷ್. ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಹಚ್ಚಬೇಕು. ಕೂದಲಿನ ಬುಡದ ಸಾಲಿನ ಸಂದುಗಳಲ್ಲಿ ಕಾಡಿಗೆ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿಯಾಗಿ ತುಂಬಿದರೆ ರೆಪ್ಪೆ ದಟ್ಟವಾಗಿ ಕಾಣುತ್ತದೆ. ಮಸ್ಕರಾದಿಂದ ಆಗದ ಕೆಲಸ ಅಲ್ಲಿ ಕಾಡಿಗೆಯಿಂದ ಆಗುತ್ತದೆ.

ನಿಜಕ್ಕೂ ಗಿಡ್ಡ ರೆಪ್ಪೆಯಾದರೆ ಬ್ರಷ್ ಚಿಕ್ಕದಿರಲಿ. ದೊಡ್ಡ ಬ್ರಷ್ ಹಿಡಿದರೆ ಕೂದಲಿಗಿಂತ ಮೊದಲು ರೆಪ್ಪೆಯ ಚರ್ಮಕ್ಕೆ ಕಪ್ಪು ತಾಗುತ್ತದೆ. ಲೆಂಗ್ತ್ ಎಂದು ಬರೆದವುಗಳಲ್ಲಿ ಕೆಲವದರೊಳಗೆ ಫೈಬರ್ ಇರುತ್ತದೆ, ಅಂದರೆ ನೈಲಾನಿನಂಥ ಅತಿ ಸಣ್ಣ ನಾರಿನ ಚೂರುಗಳು. ಅವು ತುದಿಗೆ ಅಂಟಿ ಉದ್ದ ತೋರಿಸುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಕಣ್ಣು ಒಣಗುವ ತೊಂದರೆ ಇರುವವರು ಫೈಬರ್ ಇರುವುದನ್ನು ಮುಟ್ಟದಿರುವುದೇ ಒಳ್ಳೆಯದು. ನಾರು ಉದುರಿ ಕಣ್ಣಿನೊಳಗೆ ಬಿದ್ದರೆ ಉರಿ. ಲೆನ್ಸನ್ನು ಯಾವಾಗಲೂ ಮಸ್ಕರಾ ಹಚ್ಚುವ ಮೊದಲೇ ಹಾಕಿ. ರಾತ್ರಿ ಮಸ್ಕರಾ ಒರೆಸುವ ಮೊದಲೇ ತೆಗೆಯಿರಿ.

ಉದ್ದವೂ ದಟ್ಟವೂ ಆದ ರೆಪ್ಪೆ ಪಡೆದವರಿಗೆ ವಾಷಬಲ್ ಒಂದು ಲೇಪ ಧಾರಾಳ. ಬಾಚಣಿಗೆಯಂಥ ಪ್ಲಾಸ್ಟಿಕ್ ಹಲ್ಲಿನ ಬ್ರಷ್ ಇದ್ದರೆ ಕೂದಲು ಬಿಡಿಬಿಡಿಯಾಗಿ ನಿಲ್ಲುತ್ತದೆ. ಕನ್ನಡಕ ಹಾಕುವವರಾದರೆ ಉದ್ದ ಮಾಡುವ ಮಸ್ಕರಾ ಬೇಡವೇ ಬೇಡ. ತುದಿ ಗಾಜಿಗೆ ತಾಗಿ ಗೆರೆ ಬೀಳುತ್ತದೆ. ಬಾಗು ಕೊಟ್ಟು, ಬುಡಕ್ಕೆ ಮಾತ್ರ ಹಚ್ಚಿ.

ಕೆಳಗಿನ ರೆಪ್ಪೆಗೆ ದಿನನಿತ್ಯ ಹಚ್ಚಬೇಕೆಂದಿಲ್ಲ. ನಮ್ಮ ಸೆಕೆಯಲ್ಲಿ ಕಪ್ಪು ಮೊದಲು ಇಳಿಯುವುದು ಅಲ್ಲಿಂದಲೇ.

ನಮಾಜಿನ ಮೊದಲು ವುಝೂ, ಅಂದರೆ ಕೈಕಾಲು ಮುಖ ತೊಳೆಯುವ ಶುದ್ಧಿ ಮಾಡುವ ಸಹೋದರಿಯರ ಸಂದೇಹ ಇನ್ನೊಂದು. ರೆಪ್ಪೆಗೂದಲಿಗೆ ನೀರು ತಾಗಬೇಕು, ವಾಟರ್‌ಪ್ರೂಫ್ ಅದನ್ನು ತಡೆಯುತ್ತದಲ್ಲ ಎಂದು. ತಡೆಯುತ್ತದೆ, ಅದರ ಕೆಲಸವೇ ಅದು. ಟ್ಯೂಬಿಂಗ್ ಕೂಡ ಕೂದಲನ್ನು ಪೂರ್ತಿ ಮುಚ್ಚುತ್ತದೆ, ಆದರೆ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಕಳಚುತ್ತದೆ. ದಿನಕ್ಕೆ ಹಲವು ಸಲ ತೊಳೆಯಬೇಕಾದವರಿಗೆ ವಾಷಬಲ್ ಅನುಕೂಲ. ಧಾರ್ಮಿಕ ನಿಯಮದ ಮಾತನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಹಚ್ಚುವ ಕ್ರಮ

ಕಣ್ಣಡಿಗೆ ಹಚ್ಚಿದ ಕ್ರೀಮನ್ನು ಮೊದಲು ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಕರ್ಲರ್ ಬಳಸುವುದಾದರೆ ಮಸ್ಕರಾಕ್ಕಿಂತ ಮೊದಲೇ ಬಳಸಿ. ಮಸ್ಕರಾ ಒಣಗಿದ ಮೇಲೆ ಕರ್ಲರ್ ಒತ್ತಿದರೆ ಕೂದಲು ಅದಕ್ಕೆ ಅಂಟಿ ಮುರಿಯುತ್ತದೆ, ಕೆಲವೊಮ್ಮೆ ಕಿತ್ತೇ ಬರುತ್ತದೆ. ಬ್ರಷ್ಷನ್ನು ಟ್ಯೂಬಿನೊಳಗೆ ಪದೇ ಪದೇ ಪಂಪಿನಂತೆ ತಳ್ಳಬೇಡಿ. ಗಾಳಿ ಹೊಕ್ಕು ಬೇಗ ಒಣಗುತ್ತದೆ. ತಿರುಗಿಸಿ ಹೊರತೆಗೆದರೆ ಸಾಕು. ಬ್ರಷ್ಷನ್ನು ಬುಡಕ್ಕೆ ಇಟ್ಟು, ಸ್ವಲ್ಪ ಅತ್ತಿತ್ತ ಅಲುಗಿಸಿ, ತುದಿಯವರೆಗೆ ಎಳೆಯಿರಿ. ಎರಡನೆಯ ಲೇಪ ಬೇಕಾದರೆ ಮೊದಲನೆಯದು ಪೂರ್ತಿ ಒಣಗುವ ಮೊದಲೇ ಕೊಡಿ.

ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗುವ ಕಾಲೇಜು ಹುಡುಗಿಯರಿಗೆ, ಕೆಲಸದವರಿಗೆ ಮನೆಯಲ್ಲಿ ಸಮಯ ಸಿಗುವುದಿಲ್ಲ, ನಿಜ. ಆದರೂ ಓಡುವ ರೈಲಿನಲ್ಲಿ, ಬಸ್ಸಿನಲ್ಲಿ ಮಸ್ಕರಾ ಹಚ್ಚಬೇಡಿ. ಒಂದು ಕುಲುಕಾಟ ಸಾಕು, ಬ್ರಷ್ಷಿನ ತುದಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಗೀರುತ್ತದೆ. ಆ ಗೀರಿಗೆ ಹಳೆಯ ಮಸ್ಕರಾದಲ್ಲಿ ಬೆಳೆದ ಬ್ಯಾಕ್ಟೀರಿಯಾ ಸೇರಿದರೆ ಹುಣ್ಣಾಗಿ ದೃಷ್ಟಿಗೇ ಅಪಾಯ ಬರಬಹುದು. ಮಂಗಳೂರಿಗೆ ಇಳಿದ ಮೇಲೆ ಎರಡು ನಿಮಿಷ ಸಿಗುತ್ತದೆ.

ಒಂದು ಬ್ರಷ್, ಹಲವು ಕಣ್ಣು

ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಸ್ಕರಾ ಅತಿ ಹೆಚ್ಚು ಮಕ್ಕಳ ಕಣ್ಣು ಮುಟ್ಟುವುದು ಕಲೋತ್ಸವದ ಕಾಲದಲ್ಲಿ. ಶಾಲೆಯ ಮಟ್ಟದಿಂದ ಉಪಜಿಲ್ಲೆ, ಜಿಲ್ಲೆ, ಅಲ್ಲಿಂದ ರಾಜ್ಯದವರೆಗೆ ನಡೆಯುವ ಸ್ಪರ್ಧೆಗಳವು. 2019ರಲ್ಲಿ ಕೇರಳ ಶಾಲಾ ಕಲೋತ್ಸವದ 60ನೇ ವರ್ಷದ ಕೂಟ ನಡೆದದ್ದು ನಮ್ಮ ಕಾಞಂಗಾಡಿನಲ್ಲೇ. ಒಪ್ಪನ, ತಿರುವಾದಿರ, ಸಮೂಹ ನೃತ್ಯ, ಯಕ್ಷಗಾನ ಎಲ್ಲದರಲ್ಲೂ ಮಕ್ಕಳು ಗುಂಪಾಗಿ ಬಣ್ಣ ಹಚ್ಚಿಸಿಕೊಳ್ಳುತ್ತಾರೆ. ಬಣ್ಣ ಹಚ್ಚುವವರು ಒಬ್ಬರು, ಮಸ್ಕರಾ ಒಂದು, ಸಾಲಾಗಿ ಕೂತ ಮಕ್ಕಳು ಹತ್ತು. ಅದೇ ಬ್ರಷ್ ಒಬ್ಬಳ ಕಣ್ಣಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಇನ್ನೊಬ್ಬಳ ಕಣ್ಣಿಗೆ ಹೋಗುತ್ತದೆ. ಒಬ್ಬಳಿಗೆ ಕೆಂಗಣ್ಣು ಶುರುವಾಗುತ್ತಿದ್ದರೆ ಉಳಿದವರಿಗೂ ದಾಟಬಹುದು. 2023ರ ಮಳೆಗಾಲದಲ್ಲಿ ದೇಶದ ಹಲವೆಡೆ ಮದ್ರಾಸ್ ಐ ಎಂಬ ಈ ಕೆಂಗಣ್ಣು ಎಷ್ಟು ಬೇಗ ಹಬ್ಬಿತೆಂದು ನೆನಪಿರಬಹುದು.

ಯಕ್ಷಗಾನದ ಬಣ್ಣದ ಕೋಣೆಯಾದ ಚೌಕಿಯಲ್ಲಿ ನಮ್ಮ ತೆಂಕುತಿಟ್ಟಿನ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದು ವಾಡಿಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಾದ ಕುಂಬಳೆಯ ಸುತ್ತಮುತ್ತ ಇದನ್ನು ನೋಡಿ ಬೆಳೆದವರು ನಾವು. ಮಕ್ಕಳ ತಂಡದಲ್ಲಿ ಅದು ಸಾಧ್ಯವಿಲ್ಲ ನಿಜ. ಆದರೆ ದಾರಿ ಇದೆ. ಒಮ್ಮೆ ಬಳಸಿ ಎಸೆಯುವ ಮಸ್ಕರಾ ಬ್ರಷ್‌ಗಳು ಸಿಗುತ್ತವೆ. ಬ್ಯೂಟಿಷಿಯನರು ಅದನ್ನು ಸ್ಪೂಲಿ ಅನ್ನುತ್ತಾರೆ. ಐವತ್ತರ ಒಂದು ಕಟ್ಟು ಆನ್‌ಲೈನಿನಲ್ಲಿ ಸುಮಾರು 100ರಿಂದ 200 ರೂಪಾಯಿಗೆ ಬರುತ್ತದೆ. ಸ್ವಲ್ಪ ಮಸ್ಕರಾವನ್ನು ಶುಚಿಯಾದ ತಟ್ಟೆಯ ಮೇಲೆ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಸ್ಪೂಲಿಯಲ್ಲಿ ಹಚ್ಚಬೇಕು. ಬಳಸಿದ್ದನ್ನು ಮತ್ತೆ ಟ್ಯೂಬಿಗೆ ಅದ್ದಬಾರದು. ನಿಮ್ಮ ಮಗಳ ತಂಡಕ್ಕೆ ಮೇಕಪ್ ಮಾಡುವವರಲ್ಲಿ ಇದನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಪಾರ್ಲರಿನಲ್ಲಿ ಮದುಮಗಳ ಅಲಂಕಾರಕ್ಕೂ ಇದೇ ಮಾತು. ಅಂಗಡಿಯ ಟೆಸ್ಟರ್, ಅಂದರೆ ನೋಡಲು ತೆರೆದಿಟ್ಟ ಮಾದರಿ ಟ್ಯೂಬನ್ನು ನೇರವಾಗಿ ಕಣ್ಣಿಗೆ ತಾಗಿಸಲೇಬೇಡಿ. ಕೈಬೆನ್ನಿನ ಮೇಲೆ ಗೆರೆ ಎಳೆದು ನೋಡಿ.

ಮದುಮಗಳಿಗೆ ಮಾತ್ರ ವಾಟರ್‌ಪ್ರೂಫ್ ಎಂದು ನಾನು ಯೋಚಿಸದೆ ಹೇಳುತ್ತೇನೆ. ಹೋಮದ ಹೊಗೆ, ಧಾರೆಯ ಹೊತ್ತಿನ ಕಣ್ಣೀರು, ವೀಡಿಯೋದವರ ದೀಪದ ಬಿಸಿ, ಇಷ್ಟನ್ನೂ ಅದು ತಡೆಯಬೇಕು. ಕಣ್ಣು ಒರೆಸುವಾಗ ಉಜ್ಜದೆ, ಕರವಸ್ತ್ರದ ತುದಿಯಿಂದ ಒತ್ತಿಕೊಳ್ಳಲು ಪಕ್ಕದಲ್ಲಿರುವ ಅತ್ತಿಗೆಗೋ ತಂಗಿಗೋ ಹೇಳಿಟ್ಟಿರಿ.

ತೆಗೆಯುವುದು, ಎಸೆಯುವುದು

ಮಲಗುವ ಮೊದಲು ಮಸ್ಕರಾ ತೆಗೆಯಲೇಬೇಕು. ವಾಷಬಲ್ ಆದರೆ ಸೌಮ್ಯವಾದ ಫೇಸ್‌ವಾಷ್ ಸಾಕು. ವಾಟರ್‌ಪ್ರೂಫ್‌ಗೆ ಎಣ್ಣೆಯಂಶ ಬೇಕು. ಎಣ್ಣೆ ಮತ್ತು ನೀರು ಎರಡು ಪದರವಾಗಿರುವ ರಿಮೂವರ್ ಸಿಗುತ್ತದೆ, ಅಲುಗಿಸಿ ಬಳಸುವಂಥದ್ದು. ಮನೆಯ ತೆಂಗಿನೆಣ್ಣೆ ಆಗುತ್ತದೆಯೇ? ಆಗುತ್ತದೆ. ಹತ್ತಿಗೆ ಎರಡು ಹನಿ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಕೆಳಮುಖವಾಗಿ ಒರೆಸಿ. ಎಣ್ಣೆ ಕಣ್ಣಿನೊಳಗೆ ಹೋದರೆ ಸ್ವಲ್ಪ ಹೊತ್ತು ಮಂಜಾಗಿ ಕಾಣುತ್ತದೆ, ಆದ್ದರಿಂದ ಹನಿ ಕಡಿಮೆ ಇರಲಿ. ಆಮೇಲೆ ಮುಖ ತೊಳೆದು ಎಣ್ಣೆಯ ಜಿಡ್ಡು ಕಳೆಯಬೇಕು. ಜಿಡ್ಡು ಉಳಿದರೆ ರೆಪ್ಪೆಯಂಚಿನ ಸಣ್ಣ ಗ್ರಂಥಿಗಳ ಬಾಯಿ ಕಟ್ಟಿ ಕುರುಕಟ್ಟಬಹುದು. ಒರೆಸಲು ಕಷ್ಟ ಎಂಬ ಕಾರಣಕ್ಕೇ ವಾಟರ್‌ಪ್ರೂಫ್ ದಿನಬಳಕೆಗೆ ಬೇಡ ಎನ್ನುತ್ತೇನೆ. ದಿನಾ ಉಜ್ಜಿದರೆ ಕೂದಲು ತುಂಡಾಗುತ್ತದೆ.

ತೆರೆದ ಮಸ್ಕರಾದ ಆಯುಸ್ಸು ಮೂರು ತಿಂಗಳು ಎಂದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 6 ಅಥವಾ 12 ಎಂದು ತಿಂಗಳ ಸಂಖ್ಯೆ ಇರಬಹುದು. ಆದರೂ ನಮ್ಮ ಸೆಕೆಯಲ್ಲಿ ಮೂರೇ ಸರಿ ಎಂಬುದು ನನ್ನ ಅಭಿಪ್ರಾಯ. ಕತ್ತಲೆ, ತೇವ, ಬಿಸಿ ಮೂರೂ ಆ ಟ್ಯೂಬಿನೊಳಗೆ ಇವೆ, ಪ್ರತಿಸಲವೂ ಬ್ರಷ್ ಕಣ್ಣಿನ ಕ್ರಿಮಿಗಳನ್ನು ಒಳಗೊಯ್ಯುತ್ತದೆ. ಒಣಗಿತೆಂದು ನೀರು, ಎಣ್ಣೆ, ಉಗುಳು ಸೇರಿಸಬೇಡಿ. ಹಾಗೆ ಮಾಡಿದರೆ ಸಂರಕ್ಷಕದ ಬಲ ಕುಂದುತ್ತದೆ. ತೆರೆದ ದಿನಾಂಕವನ್ನು ಸಣ್ಣ ಚೀಟಿಯಲ್ಲಿ ಬರೆದು ಟ್ಯೂಬಿಗೆ ಅಂಟಿಸಿ. ಕೆಂಗಣ್ಣು ಬಂದು ಗುಣವಾದರೆ, ಅಂದು ಬಳಸುತ್ತಿದ್ದ ಮಸ್ಕರಾ, ಕಾಡಿಗೆ ಎರಡನ್ನೂ ಎಸೆಯಿರಿ.

ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ?

ಕಡಿಮೆ ಬೆಲೆಯವು ಸುಮಾರು 150ರಿಂದ 300 ರೂಪಾಯಿಯೊಳಗೆ ಸಿಗುತ್ತವೆ. ಲ್ಯಾಕ್ಮೆ, ಮೇಬೆಲಿನ್‌ನಂಥ ಹೆಸರುಗಳ ಸಾಮಾನ್ಯ ಬಗೆಗಳು ಹೆಚ್ಚಾಗಿ 300ರಿಂದ 600ರ ನಡುವೆ. ಅದೇ ಕಂಪನಿಗಳ ವಿಶೇಷ ಬಗೆಗಳು 700, 800 ದಾಟುತ್ತವೆ. ಮ್ಯಾಕ್, ಕ್ಲಿನಿಕ್‌ನಂಥ ದುಬಾರಿ ಹೆಸರುಗಳದ್ದು 2000ದ ಆಸುಪಾಸಿನಿಂದ ಶುರು. ಕರ್ಲರಿಗೆ 100ರಿಂದ 400 ಕೊಡಬೇಕಾದೀತು. 450 ರೂಪಾಯಿಯ ಮಸ್ಕರಾವನ್ನು ಮೂರು ತಿಂಗಳು ದಿನಾ ಹಚ್ಚಿದರೆ ದಿನಕ್ಕೆ 5 ರೂಪಾಯಿ ಬಿತ್ತು. ಮದುವೆ, ಪೂಜೆ ಎಂದು ತಿಂಗಳಿಗೆರಡು ಸಲ ಮಾತ್ರ ಹಚ್ಚುವವರು 2000ದ ಟ್ಯೂಬು ಕೊಂಡರೆ ಮೂರು ತಿಂಗಳಲ್ಲಿ ಬಹುಭಾಗ ಹಾಗೇ ಎಸೆಯಬೇಕಾಗುತ್ತದೆ. ಅಂಥವರು ಮಿನಿ ಎಂದು ಬರುವ ಚಿಕ್ಕ ಅಳತೆಯದ್ದನ್ನು ಹುಡುಕಿ.

ವಾಷಬಲ್, ವಾಟರ್‌ಪ್ರೂಫ್ ಎರಡೂ ನಮ್ಮ ಪೇಟೆಗಳ ಫ್ಯಾನ್ಸಿ ಅಂಗಡಿ, ಸೂಪರ್ ಮಾರ್ಕೆಟುಗಳಲ್ಲಿ ಸಿಗುತ್ತವೆ. ಒಂದೇ ಹೆಸರಿನ ಮಸ್ಕರಾ ಎರಡೂ ರೂಪದಲ್ಲಿ ಬರುವುದುಂಟು, ಆದ್ದರಿಂದ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿ ತೆಗೆದುಕೊಳ್ಳಿ. ಟ್ಯೂಬಿಂಗ್ ಬಗೆಯದ್ದು ಸಣ್ಣ ಅಂಗಡಿಯಲ್ಲಿ ಸಿಗುವುದು ಅಪರೂಪ. ಮಂಗಳೂರಿನ ಮಾಲ್‌ಗಳ ದೊಡ್ಡ ಅಂಗಡಿಗಳಲ್ಲಿ, ಇಲ್ಲವೇ ನೈಕಾದಂಥ ಆನ್‌ಲೈನ್ ಮಳಿಗೆಗಳಲ್ಲಿ ನೋಡಬೇಕು. ಬೆಚ್ಚಗಿನ ನೀರಿನಲ್ಲಿ ಕಳಚುತ್ತದೆ ಎಂಬರ್ಥದ ಮಾತು ವಿವರಣೆಯಲ್ಲಿದ್ದರೆ ಅದೇ ಬಗೆ ಎಂದು ತಿಳಿಯಬಹುದು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬಹುದಾದ ಕೊನೆಯ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇವೆಯೇ ನೋಡಿ. ವಿದೇಶದಿಂದ ತರಿಸಿ ಮಾರುವುದಾದರೆ ಆಮದು ನೋಂದಣಿ ಸಂಖ್ಯೆ, ಆಮದುದಾರರ ವಿಳಾಸ ಇರಬೇಕು. ಇದು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ. ಇದನ್ನೆಲ್ಲ ನೋಡಬೇಕೇ ಎಂದು ಕೇಳಬೇಡಿ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಆಪರೇಷನ್ ಸೌಂದರ್ಯ ಎಂಬ ಹೆಸರಿನಲ್ಲಿ ತಪಾಸಣೆಗೆ ಇಳಿದದ್ದು ನಕಲಿ ಮತ್ತು ಪರವಾನಗಿಯಿಲ್ಲದ ಪ್ರಸಾಧನಗಳನ್ನು ಹಿಡಿಯಲೆಂದೇ. ಅದೇ ವರ್ಷ ಮಲಪ್ಪುರಂ ಕಡೆ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡದ್ದು ಸುದ್ದಿಯಾಗಿತ್ತು.

ನಮ್ಮಲ್ಲಿ ಮನೆಮನೆಗೂ ಗಲ್ಫಿನ ನಂಟಿದೆ. ಅಣ್ಣನೋ ಚಿಕ್ಕಪ್ಪನೋ ತಂದ ಮಸ್ಕರಾ ಒಳ್ಳೆಯದೇ ಇರಬಹುದು. ಆದರೆ ಅಲ್ಲಿನ ಬಿಸಿಲಿನಲ್ಲಿ ಕಾರಿನೊಳಗೆ ಎಷ್ಟು ದಿನ ಇತ್ತೋ, ಕಪಾಟಿನಲ್ಲಿ ಎಷ್ಟು ತಿಂಗಳು ಕಳೆಯಿತೋ ಗೊತ್ತಿರುವುದಿಲ್ಲ. ದಿನಾಂಕ ನೋಡಿ. ಮುಚ್ಚಳ ತೆರೆದಾಗ ವಾಸನೆ ಬದಲಾಗಿದ್ದರೆ, ಎಣ್ಣೆ ಬೇರ್ಪಟ್ಟಿದ್ದರೆ, ಉಂಡೆಗಟ್ಟಿದ್ದರೆ ಪ್ರೀತಿಯಿಂದ ತಂದದ್ದಾದರೂ ಹಚ್ಚಬೇಡಿ.

ರೆಪ್ಪೆಗೂದಲು ಬೆಳೆಸುವ ಸೀರಮ್ ಎಂದು ಆನ್‌ಲೈನಿನಲ್ಲಿ ಮಾರುವುದನ್ನೂ ಕೆಲವರು ಕೇಳುತ್ತಾರೆ. ಬೈಮಾಟೊಪ್ರಾಸ್ಟ್ ಎಂಬ ಔಷಧಕ್ಕೆ ಆ ಗುಣ ನಿಜಕ್ಕೂ ಇದೆ. ಮೂಲತಃ ಅದು ಕಣ್ಣಿನೊತ್ತಡದ ಕಾಯಿಲೆಯಾದ ಗ್ಲಾಕೋಮಾಕ್ಕೆ ಕೊಡುವ ಹನಿ. ಅಮೆರಿಕದಲ್ಲಿ 2008ರಲ್ಲಿ ರೆಪ್ಪೆಗೂದಲಿಗೂ ಒಪ್ಪಿಗೆ ಸಿಕ್ಕಿತು. ಆದರೆ ಅದರಿಂದ ರೆಪ್ಪೆಯ ಚರ್ಮ ಕಪ್ಪಾಗಬಹುದು, ಕಣ್ಣು ತುರಿಸಬಹುದು, ಕಣ್ಣಿನ ಪಾಪೆಯ ಸುತ್ತಲ ಬಣ್ಣ ಶಾಶ್ವತವಾಗಿ ಬದಲಾಗಲೂಬಹುದು. ವೈದ್ಯರ ಚೀಟಿಯಿಲ್ಲದೆ ಬಳಸುವ ವಸ್ತು ಅದಲ್ಲ.

ಹೊಸ ಮಸ್ಕರಾ ತಂದ ದಿನವೇ ಮದುವೆಗೆ ಹಚ್ಚಿಕೊಂಡು ಹೊರಡಬೇಡಿ. ಎರಡು ದಿನ ಮೊದಲು ಮನೆಯಲ್ಲಿ ಒಂದು ಕಣ್ಣಿನ ಕೆಲವು ಕೂದಲಿಗೆ ಹಚ್ಚಿ ನೋಡಿ. ತುರಿಕೆ, ರೆಪ್ಪೆ ಊದುವುದು, ಕಣ್ಣು ಕೆಂಪಾಗುವುದು ಕಂಡರೆ ತಕ್ಷಣ ತೆಗೆದು ತಣ್ಣೀರಿನಿಂದ ತೊಳೆಯಿರಿ. ಮಾರನೆಯ ದಿನಕ್ಕೂ ಕಡಿಮೆಯಾಗದಿದ್ದರೆ ಕಣ್ಣಿನ ವೈದ್ಯರಲ್ಲಿ ಹೋಗಿ. ಬ್ರಷ್ ಚುಚ್ಚಿ ನೋವಾಗಿದ್ದರೆ, ಬೆಳಕು ನೋಡಲಾಗದಿದ್ದರೆ, ಮಂಜಾಗಿ ಕಾಣುತ್ತಿದ್ದರೆ ಮಾರನೆಯ ದಿನದವರೆಗೆ ಕಾಯಬೇಡಿ. ಹೋಗುವಾಗ ಆ ಟ್ಯೂಬನ್ನೂ ಅದರ ರಟ್ಟಿನ ಪೆಟ್ಟಿಗೆಯನ್ನೂ ಕೊಂಡುಹೋಗಿ. ಯಾವ ವಸ್ತು ಒಗ್ಗಲಿಲ್ಲ ಎಂದು ತಿಳಿಯಲು ವೈದ್ಯರಿಗೆ ಅದರ ಮೇಲಿನ ಪಟ್ಟಿ ಬೇಕಾಗುತ್ತದೆ.